ರೈತ ಸಂಪರ್ಕ ಕೇಂದ್ರವೋ, ಕೃಷಿ ವಿಜ್ಞಾನ ಕೇಂದ್ರವೋ? ರಾಯಚೂರು ರೈತರಿಗೊಂದು ಹೋಲಿಕೆ

ಬಿತ್ತನೆ ಬೀಜ, ಸಲಕರಣೆ ಸಬ್ಸಿಡಿ ಬೇಕಿದ್ದರೆ ಯೋಚನೆ ಬೇಡ, ರೈತ ಸಂಪರ್ಕ ಕೇಂದ್ರಕ್ಕೇ ಹೋಗಿ. ಕೃಷಿ ಇಲಾಖೆಯದು, ಹೋಬಳಿಯಲ್ಲೇ ಸಿಗುತ್ತದೆ.

ಬೆಳೆಗೆ ಕೀಟ, ರೋಗ ಬಿದ್ದಾಗ ಮಾತ್ರ ನನ್ನ ಮತ ಕೃಷಿ ವಿಜ್ಞಾನ ಕೇಂದ್ರಕ್ಕೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ದುಡ್ಡಿನಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯವೇ ಇದನ್ನು ನಡೆಸುತ್ತದೆ. ಇಲ್ಲಿ ಒಂದೊಂದು ವಿಷಯಕ್ಕೂ ಬೇರೆ ತಜ್ಞರು. ಹತ್ತಿಯ ಗುಲಾಬಿ ಕಾಯಿಕೊರಕವನ್ನೇ ನೋಡಿ. ಹೂವು ಪೂರ್ತಿ ಅರಳದೆ, ಎಸಳು ಸುತ್ತಿಕೊಂಡು ಮುದುಡಿರುತ್ತದೆ. ಕಾಯಿ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಒಡೆದರೆ ಒಳಗೆ ಹುಳು! ಒಳಗೆ ಸೇರಿದ ಹುಳುವಿಗೆ ಔಷಧಿ ಮುಟ್ಟುವುದು ಕಷ್ಟ. ಸುಮ್ನೆ ಅಂಗಡಿಯವರು ಕೊಟ್ಟಿದ್ದನ್ನು ಹೊಡೆದರೆ ದುಡ್ಡು ದಂಡ. ಅಂಥ ಹೂವು, ಕಾಯಿ ಕಿತ್ತು ಕಾಗದದ ಕವರಿನಲ್ಲಿ ಒಯ್ಯಿರಿ, ಬಾಯಿಮಾತಿಗಿಂತ ಅದು ಜಾಸ್ತಿ ಹೇಳುತ್ತದೆ.

ತೊಂದರೆ ಅಂದ್ರೆ ದೂರ. ಗಡಿ ತಾಲ್ಲೂಕಿನವರಿಗೆ ಒಂದು ದಿನದ ಕೆಲಸವೇ ಕೆಡುತ್ತದೆ. ಅವರು ಮೊದಲು ಕಿಸಾನ್ ಕಾಲ್ ಸೆಂಟರ್‌ಗೆ, 1800-180-1551ಕ್ಕೆ ಫೋನ್ ಮಾಡಲಿ. ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.

ಬಜೆಟ್ ಕಡಿತವಾದಾಗ ಕಚೇರಿಗಳನ್ನು ಬೇಕಾದರೆ ಒಂದು ಮಾಡಲಿ. ಹೊಲಕ್ಕೆ ಬಂದು ಎಲೆ ಮಗುಚಿ ನೋಡುವವರ ಹುದ್ದೆಗೆ ಮಾತ್ರ ಕೈ ಹಾಕಬಾರದು. ಅವರಿಲ್ಲದಿದ್ದರೆ ಎರಡೂ ಕೇಂದ್ರಗಳಿಂದ ನಮಗೇನು ಉಪಯೋಗ?