ದೈಸೆನ್ ಹತ್ತುವುದೋ, ಗಸ್ಸನ್ ಹತ್ತುವುದೋ?

ಚಾರಣ, ದೇವರ ದರ್ಶನ, ಸ್ಕೀಯಿಂಗ್ ಮೂರೂ ಒಂದೇ ಬೆಟ್ಟದಲ್ಲಿ ಆಗಬೇಕು ಎನ್ನುವವರಿಗೆ ಜಪಾನಿನಲ್ಲಿ ನಾನು ಹೇಳುವುದು ಎರಡೇ ಹೆಸರು: ತೊತ್ತೊರಿ ಪ್ರಾಂತ್ಯದ ದೈಸೆನ್, ಯಮಗತ ಪ್ರಾಂತ್ಯದ ಗಸ್ಸನ್. ಎರಡೂ ಜ್ವಾಲಾಮುಖಿಗಳು, ಎರಡೂ ತಪಸ್ವಿಗಳು ಶತಮಾನಗಳಿಂದ ಏರಿದ ಬೆಟ್ಟಗಳು. ಎರಡನ್ನೂ ಹತ್ತಿ, ಎರಡರ ಹಿಮದಲ್ಲೂ ಜಾರಿದವನ ಅಭಿಪ್ರಾಯ ಇದು.

ಅನುಕೂಲದಲ್ಲಿ ದೈಸೆನ್‌ಗೆ ಸಾಟಿಯಿಲ್ಲ. ಯೊನಾಗೊ ನಿಲ್ದಾಣದಿಂದ ಬಸ್ಸು ನೇರವಾಗಿ ಬೆಟ್ಟದ ಬುಡಕ್ಕೆ ಬಿಡುತ್ತದೆ. 718ರಲ್ಲಿ ಸ್ಥಾಪನೆಯಾಯಿತೆಂಬ ಪ್ರತೀತಿಯ ದೈಸೆನ್‌ಜಿ ದೇಗುಲ, ಚಾರಣದ ದಾರಿ, ಸ್ಕೀ ಲಿಫ್ಟು ಎಲ್ಲವೂ ನಡೆದೇ ಹೋಗುವಷ್ಟು ಹತ್ತಿರ. ಇದು ಕ್ಷಿತಿಗರ್ಭ ಬೋಧಿಸತ್ವನ ಕ್ಷೇತ್ರ. ಹಿಂದೆ ರೈತರು ತಮ್ಮ ದನಗಳಿಗಾಗಿ ಹರಕೆ ಹೊತ್ತು ಬರುತ್ತಿದ್ದರಂತೆ. ದೊಡ್ಡ ದನದ ಸಂತೆಯೂ ಇಲ್ಲೇ ನೆರೆಯುತ್ತಿತ್ತು.

ಹತ್ತುವ ದಾರಿ ಮಾತ್ರ ಮಂಡಿಯ ಶತ್ರು. ಬೀಚ್ ಮರಗಳ ಕಾಡಿನೊಳಗೆ ಮೆಟ್ಟಿಲ ಮೇಲೆ ಮೆಟ್ಟಿಲು. ಮೇಲೆ ತಲುಪಿದರೆ ಕುಬ್ಜ ಯೂ ಗಿಡಗಳ ನಡುವೆ ಹಲಗೆ ಹಾಸಿದ ಹಾದಿ, ಆಚೆ ಜಪಾನ್ ಸಮುದ್ರ. ಜನ ನಿಲ್ಲುವುದು 1,709 ಮೀಟರಿನ ಮಿಸೆನ್‌ನಲ್ಲಿ. ನಿಜವಾದ ತುದಿ 1,729 ಮೀಟರಿನ ಕೆಂಗಮಿನೆ. ಅದರ ಏಣು ಕುಸಿಯುತ್ತಲೇ ಇರುವುದರಿಂದ ಅಲ್ಲಿಗೆ ಪ್ರವೇಶವಿಲ್ಲ. ಕೊರೆದುಹೋದ ನೆಲವನ್ನು ತುಂಬಲು ಚಾರಣಿಗರು ಒಂದೊಂದು ಕಲ್ಲನ್ನು ಹೊತ್ತು ಮೇಲಕ್ಕೆ ಒಯ್ಯುವ ಪದ್ಧತಿ 1985ರಿಂದ ನಡೆದುಬಂದಿದೆ. ನಾನೂ ಹೊತ್ತೆ. ಇಳಿಯುವಾಗ ಮೊತೊದಾನಿ ಕಣಿವೆಯ ದಾರಿ ಹಿಡಿಯಿರಿ: ಎದುರಿಗೆ ಕಡಿದಾದ ಉತ್ತರದ ಗೋಡೆ, ಸುಮ್ಮನೆ ನಿಂತರೆ ಎಲ್ಲೋ ಕಲ್ಲು ಉರುಳುವ ಸದ್ದು.

ಗಸ್ಸನ್ ಹೀಗೆ ಕೈಗೆಟುಕುವಂತೆ ಕುಳಿತಿಲ್ಲ. ಹಗುರೋ, ಗಸ್ಸನ್, ಯುದೊನೊ ಎಂಬ ಮೂರು ಬೆಟ್ಟಗಳ ಯಾತ್ರೆಯಲ್ಲಿ 1,984 ಮೀಟರಿನ ಇದು ನಡುವಿನದು, ಎತ್ತರದ್ದು. ಮೊದಲು ಹಗುರೋದ 2,446 ಮೆಟ್ಟಿಲು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಪಳಗಿದವರಿಗೂ ಬೆವರಿಳಿಯುತ್ತದೆ, ಆದರೆ ಎರಡೂ ಬದಿಯ ಮುದಿ ದೇವದಾರುಗಳ ನೆರಳು ತಂಪು. ಅವುಗಳ ನಡುವೆ ಬಣ್ಣ ಬಳಿಯದ ಐದಂತಸ್ತಿನ ಮರದ ಗೋಪುರ. ಮರುದಿನ ಬೇಸಗೆಯ ಬಸ್ಸು ಗಸ್ಸನ್‌ನ ಹತ್ತು ಹಂತಗಳ ಏರುದಾರಿಯಲ್ಲಿ ಎಂಟನೆಯ ಹಂತದವರೆಗೆ ಒಯ್ಯುತ್ತದೆ. ಅಲ್ಲಿಂದ ಜೌಗು ಹುಲ್ಲುಗಾವಲು, ಕಲ್ಲುಹಾದಿ, ಜುಲೈಯಲ್ಲೂ ಕರಗದ ಹಿಮದ ತೇಪೆಗಳು. ತುದಿಯ ಗುಡಿಯಲ್ಲಿ ಶುದ್ಧಿಯಾಗದೆ ಒಳಗೆ ಬಿಡುವುದಿಲ್ಲ. ಕೊಟ್ಟ ಕಾಗದದ ಗೊಂಬೆಯನ್ನು ಮೈಗೆ ಸವರಿಕೊಂಡು ನೀರಿಗೆ ಬಿಡಬೇಕು. ದೃಷ್ಟಿ ತೆಗೆಸಿಕೊಂಡು ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಯುದೊನೊದಲ್ಲಿ ಬರಿಗಾಲು, ಛಾಯಾಚಿತ್ರ ನಿಷಿದ್ಧ. ಅಲ್ಲಿ ಕಂಡದ್ದನ್ನು ಹೊರಗೆ ಹೇಳಬಾರದೆಂಬುದು ಹಳೆಯ ಕಟ್ಟಳೆ. ನಾನೂ ಹೇಳುವುದಿಲ್ಲ.

ಊಟದಲ್ಲಂತೂ ಸಸ್ಯಾಹಾರಿಗಳ ಒಲವು ಗಸ್ಸನ್ ಕಡೆಗೇ. ದೈಸೆನ್‌ನ ಹೆಸರಾಂತ ಒಕೊವ ಅನ್ನದಲ್ಲಿ ಸಾಮಾನ್ಯವಾಗಿ ಕೋಳಿ ಇರುತ್ತದೆ, ಸೊಬಾ ಎಂಬ ಹುರುಳಿಗೋಧಿ (ಬಕ್‌ವೀಟ್) ಶಾವಿಗೆಯ ಸಾರಿನಲ್ಲಿ ಮೀನು. ಹಗುರೋದ ಯಾತ್ರಿನಿವಾಸಗಳಲ್ಲಿ ತಪಸ್ವಿಗಳ ಸಾತ್ವಿಕ ಊಟ ಸಿಗುತ್ತದೆ: ಎಳೆ ಕಳಲೆ, ಕಾಡುಸೊಪ್ಪು, ಬಾಯಲ್ಲಿ ಕರಗುವ ಎಳ್ಳಿನ ತೋಫು. ಮೀನಿನ ಸಾರೂ ಬೇಡವೆಂದು ಕಾಯ್ದಿರಿಸುವಾಗಲೇ ಹೇಳಿಬಿಡಿ.

ಸ್ಕೀಯಿಂಗ್ ಕಲಿಯುವವರು ಚಳಿಗಾಲದಲ್ಲಿ ದೈಸೆನ್‌ಗೇ ಹೋಗಬೇಕು. ಇಳಿಜಾರು ಸೌಮ್ಯ, ಸಲಕರಣೆ ಬಾಡಿಗೆಗೆ ಸಿಗುತ್ತದೆ, ಜಾರುವಾಗ ಕೆಳಗೆ ಕೊಲ್ಲಿಯ ಬಿಲ್ಲಿನಂಥ ದಡ ಕಾಣುತ್ತದೆ. ಗಸ್ಸನ್‌ನಲ್ಲಿ ಚಳಿಗಾಲದ ಹಿಮ ಎಷ್ಟು ಆಳವೆಂದರೆ ಸ್ಕೀ ತಾಣ ತೆರೆಯುವುದೇ ಏಪ್ರಿಲ್‌ನಲ್ಲಿ, ಜುಲೈವರೆಗೂ ನಡೆಯುತ್ತದೆ. ಉಬ್ಬುತಗ್ಗಿನ ಆ ಗಟ್ಟಿ ಹಿಮ ಹೊಸಬರಿಗಲ್ಲ.

ಮಕ್ಕಳೊಂದಿಗೆ ಹೋಗುವವರಿಗೆ, ರಜೆ ಕಡಿಮೆಯಿರುವವರಿಗೆ ದೈಸೆನ್ ಸಾಕು. ನನ್ನನ್ನು ಮತ್ತೆ ಕರೆದರೆ ಗಸ್ಸನ್‌ಗೇ ಹೊರಡುತ್ತೇನೆ, ಅದೂ ಜುಲೈ ಮೊದಲ ವಾರದಲ್ಲಿ. ತುದಿಯ ಗುಡಿ ಆಗಷ್ಟೇ ಬಾಗಿಲು ತೆರೆದಿರುತ್ತದೆ, ಹಿಮ ಉಳಿದಿದ್ದರೆ ಇನ್ನೊಂದು ಮಗ್ಗುಲಲ್ಲಿ ಸ್ಕೀಯೂ ನಡೆಯುತ್ತಿರುತ್ತದೆ.