ಹೃದಯದ ತೊಂದರೆಯಿರುವ ಕೂಸಿಗೆ ಯಾವ ಪಲ್ಸ್ ಆಕ್ಸಿಮೀಟರ್?

ರಾಯಚೂರಿನ ಮೆಡಿಕಲ್ ಶಾಪಿನಲ್ಲಿ ರಕ್ತದ ಆಕ್ಸಿಜನ್ ಮಟ್ಟ ತೋರಿಸುವ ಆಕ್ಸಿಮೀಟರ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಬೆರಳಿಗೆ ಕಚ್ಚಿಸುವ ಕ್ಲಿಪ್. ಕೊರೊನಾ ಕಾಲದಲ್ಲಿ ಎಲ್ಲರೂ ಕೊಂಡದ್ದೂ ಅದನ್ನೇ. ದೊಡ್ಡವರಿಗೆ ಸರಿ. ಆರು ತಿಂಗಳ ಕೂಸಿಗೆ ಕೊಂಡರೆ ದುಡ್ಡೂ ಹೋಯಿತು, ನಿದ್ದೆಯೂ ಹೋಯಿತು. ಅಷ್ಟು ಸಣ್ಣ ಬೆರಳು ಕ್ಲಿಪ್ಪಿನಲ್ಲಿ ನಿಲ್ಲುವುದಿಲ್ಲ, ಬೆಳಕು ಬೆರಳನ್ನು ಹಾಯದೆ ಪಕ್ಕದಿಂದ ಸೋರುತ್ತದೆ. 88, 71, 94 ಎಂದು ಕುಣಿಯುವ ಅಂಕಿ ನೋಡಿ ಅಪ್ಪ–ಅವ್ವ ನಡುರಾತ್ರಿ ಗಾಡಿ ಹುಡುಕುವಂತಾಗುತ್ತದೆ.

ಬೇಕಾದ್ದು ವೈರಿನ ತುದಿಗೆ ಸುತ್ತುಪಟ್ಟಿಯ ಸೆನ್ಸರ್ ಇರುವ, ಕೈಯಲ್ಲಿ ಹಿಡಿಯುವ ಮಾದರಿ. ಬೆಲೆ ಕ್ಲಿಪ್ಪಿಗಿಂತ ಬಹಳ ಹೆಚ್ಚು, ಆದರೂ ವರ್ಷದೊಳಗಿನ ಕೂಸಿಗೆ ಅದೇ ಸರಿ. ಸರ್ಜಿಕಲ್ ಅಂಗಡಿಯವರಿಗೆ ಕೂಸಿನ ತೂಕ ಹೇಳಿ ತರಿಸಿ. ಪ್ರೋಬಿನ, ಅಂದರೆ ವೈರು ಸಮೇತ ಆ ಸೆನ್ಸರಿನ, ಅಳತೆ ತೂಕದ ಮೇಲೆ ನಿಂತಿದೆ. ಅದೇ ಯಂತ್ರಕ್ಕೆ ಹೊಂದುವ ಇನ್ನೊಂದು ಪ್ರೋಬ್ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಏಕೆಂದರೆ ಬೇಗ ಕೈಕೊಡುವುದು ಅದರ ವೈರು.

ಪಟ್ಟಿಯನ್ನು ಕಿರುಬೆರಳಿನ ಬುಡದ ಹತ್ತಿರ, ಪಾದದ ಹೊರ ಅಂಚಿಗೆ ಸುತ್ತಬೇಕು. ಬೆಳಕು ಬಿಡುವ ಚುಕ್ಕೆ ಮೇಲೆ, ಹಿಡಿಯುವ ಚುಕ್ಕೆ ಕೆಳಗೆ, ಎರಡೂ ಎದುರುಬದುರು. ಬಿಗಿ ಹೆಚ್ಚಾದರೆ ರಕ್ತದ ಬಡಿತವೇ ಸಿಗದೆ ಅಂಕಿ ಕೆಡುತ್ತದೆ. ಪಾದ ತಣ್ಣಗಿದ್ದರೆ ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಬಿಸಿಲು ಬೀಳದಂತೆ ಮೇಲೆ ಕಾಲುಚೀಲ ಹಾಕಿ. ಅಳುವ ಕೂಸಿನ ಅಂಕಿ ಬರೆಯಬೇಡಿ. ಒಂದು ನಿಮಿಷ ಕಾದು, ಎದೆಯ ಮೇಲೆ ಕೈಯಿಟ್ಟು ಬಡಿತ ಎಣಿಸಿ. ಯಂತ್ರದ ಬಡಿತ ಅದಕ್ಕೆ ತಾಳೆಯಾಗದಿದ್ದರೆ ಆಕ್ಸಿಜನ್ ಅಂಕಿಯನ್ನೂ ನಂಬಬೇಡಿ. ಕೆಲವು ತೊಂದರೆಗಳಲ್ಲಿ ಬಲಗೈಗೂ ಕಾಲಿಗೂ ಅಂಕಿ ಬೇರೆಬೇರೆ ಬರುತ್ತದೆ. ಆದ್ದರಿಂದ ಡಾಕ್ಟರು ಹೇಳಿದ ಒಂದೇ ಜಾಗದಲ್ಲಿ ನೋಡಿ.

ಎಷ್ಟು ಬರಬೇಕು ಎಂಬುದನ್ನು ಹೃದಯದ ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಷಂಟ್ (ಶ್ವಾಸಕೋಶಕ್ಕೆ ರಕ್ತ ಹೋಗಲೆಂದು ಆಪರೇಷನ್ ಮಾಡಿ ಕೂಡಿಸುವ ಸಣ್ಣ ಕೊಳವೆ) ಹಾಕಿದ ಎಷ್ಟೋ ಕೂಸುಗಳಿಗೆ 75–85 ಎಂದರೆ ಎಂದಿನ ಮಟ್ಟ. 95 ಬರಲಿಲ್ಲವೆಂದು ಗಾಬರಿ ಬೇಡ. ಎಷ್ಟಕ್ಕಿಂತ ಇಳಿದರೆ ಹೊರಡಬೇಕು ಎಂಬುದೂ ಅದೇ ಚೀಟಿಯಲ್ಲಿರಲಿ. ಇಂಥ ಕೂಸಿಗೆ ಬೇಸಿಗೆಯಲ್ಲಿ ವಾಂತಿಭೇದಿ ಆದರೆ ಮೈಯ ನೀರು ಇಳಿದು ರಕ್ತ ದಪ್ಪವಾಗುತ್ತದೆ, ಷಂಟ್ ಕಟ್ಟಿಕೊಳ್ಳುವ ಭಯವಿದೆ. ಅಂಕಿ ಇಳಿಯಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಹೃದಯದಲ್ಲಿ ತೂತು ಮಾತ್ರ ಇರುವ ಎಷ್ಟೋ ಕೂಸುಗಳಿಗೆ ಈ ಯಂತ್ರದಿಂದ ಹೆಚ್ಚು ಪ್ರಯೋಜನವಿಲ್ಲ. ಅಂಕಿ 97 ಇದ್ದೂ ಹೃದಯ ಸೋತಿರಬಹುದು. ಹಾಲು ಕುಡಿಯುವಾಗ ಹಣೆ ಬೆವರುವುದು, ನಡುನಡುವೆ ಬಿಟ್ಟು ಏದುಸಿರು ಬಿಡುವುದು, ತೂಕ ಏರದಿರುವುದು, ಇವನ್ನು ಯಂತ್ರ ತೋರಿಸದು. ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ: ಎರಡು ತಿಂಗಳೊಳಗೆ 60, ಆಮೇಲೆ ವರ್ಷದವರೆಗೆ 50, ಅಷ್ಟಾದರೆ ತೋರಿಸಲೇಬೇಕು.

ಫ್ಯಾಲೋ ಟೆಟ್ರಾಲಜಿ, ಅಂದರೆ ಹೃದಯದಲ್ಲಿ ನಾಲ್ಕು ದೋಷಗಳು ಹುಟ್ಟಿನಿಂದಲೇ ಸೇರಿರುವ ತೊಂದರೆ, ಇರುವ ಕೂಸು ಅಳುತ್ತ ಇದ್ದಕ್ಕಿದ್ದಂತೆ ತುಟಿ, ನಾಲಿಗೆ ಕಪ್ಪುನೀಲಿಯಾದರೆ ಆಕ್ಸಿಮೀಟರ್ ಹುಡುಕುತ್ತ ಕೂಡಬೇಡಿ. ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು ಸಮಾಧಾನ ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಬೇರೇನೂ ಲಕ್ಷಣವಿಲ್ಲದಿದ್ದರೆ, ಡಾಕ್ಟರು ಬೇರೆ ಹೇಳದಿದ್ದರೆ, ದಿನಕ್ಕೆ ಎರಡು ಸಲ ನೋಡಿದರೆ ಸಾಕು. ಬರೆದಿಡುವ ಕೆಲಸ ಅಪ್ಪ ವಹಿಸಿಕೊಳ್ಳಲಿ. ಹಾಲು, ಔಷಧಿ, ರಾತ್ರಿಯ ಕಾವಲು ಎಲ್ಲವೂ ಅವ್ವನ ತಲೆಯ ಮೇಲೆಯೇ ಇರುತ್ತವೆ.