ಇಟಾಲಿಯನ್ ಕ್ರಿಯಾಪದದ ಒತ್ತು: ಮೂರು ದಾರಿ ಹಿಡಿದು ನೋಡಿದೆ

"ಇಟಾಲಿಯನ್ ಸುಲಭ, ನಮ್ಮ ಕನ್ನಡದ ಹಾಗೆ ಬರೆದಂತೆ ಓದಿದರಾಯಿತು" ಅಂತ ಧೈರ್ಯ ಹೇಳಿದ್ದರು. ಅರ್ಧ ನಿಜ. ಒತ್ತು (ಉಚ್ಚರಿಸುವಾಗ ಪದದ ಒಂದು ತುಂಡಿಗೆ ಕೊಡುವ ಜೋರು) ಕೊನೆಯ ಸ್ವರಕ್ಕೆ ಬಿದ್ದರೆ ಮಾತ್ರ ಮೇಲೊಂದು ಗೀಟು ಎಳೆಯುತ್ತಾರೆ. ಮಿಕ್ಕ ಕಡೆ ಸಾಮಾನ್ಯವಾಗಿ ಏನೂ ಗುರುತಿರುವುದಿಲ್ಲ, ನಾವೇ ತಿಳಿದುಕೊಳ್ಳಬೇಕು.

ಮೊದಲು ಹಿಡಿದದ್ದು ಎಲ್ಲರೂ ಹೇಳುವ ಸೂತ್ರ: ಕೊನೆಯಿಂದ ಎರಡನೆಯ ತುಂಡಿಗೆ ಒತ್ತು. ಪರ್-ಲಾ-ತೆ (ನೀವು ಮಾತಾಡುತ್ತೀರಿ), ಸರಿಹೋಯಿತು. ಅದೇ ಹುರುಪಿನಲ್ಲಿ "ಅವರು ವಾಸವಿದ್ದಾರೆ" ಅನ್ನಲು "ಅಬಿತಾನೊ" ಅಂದೆ. ಕಲಿಸುವವರು ಎರಡು ಸಲ "ಏನು?" ಅಂದರು. ಅದು ಆ-ಬಿ-ತ-ನೊ, ಒತ್ತು ಕೊನೆಯಿಂದ ನಾಲ್ಕನೆಯದಕ್ಕೆ! "ಅವರು" ರೂಪ ಬಂದರೆ ಈ ಸೂತ್ರ ಕೈಕೊಡುತ್ತದೆ.

ಎರಡನೆಯದು ನನ್ನದೇ ಜಾಣತನ. ಕನ್ನಡ ಲಿಪಿಯಲ್ಲಿ ಬರೆದು, ಒತ್ತು ಬೀಳುವ ಕಡೆ ದೀರ್ಘ ಹಾಕಿಕೊಂಡೆ. ಸ್ವರದಲ್ಲಿ ಮುಗಿಯುವ ತುಂಡಿಗೆ ಚೆನ್ನಾಗಿ ಒದಗುತ್ತದೆ, ಇಟಾಲಿಯನ್ನರೂ ಅಲ್ಲಿ ಸ್ವಲ್ಪ ಎಳೆಯುತ್ತಾರೆ. ಕಷ್ಟ ಬಂದದ್ದು "ಓದುವುದು" ಅನ್ನುವ ಪದಕ್ಕೆ. ನಾವು ಲೆ-ಜ್ಜೆ-ರೆ ಅಂತ ಬಿಡಿಸುತ್ತೇವೆ, ಅವರು ಲೆಜ್-ಜೆ-ರೆ ಅಂತ. ಒತ್ತು ಮೊದಲ ತುಂಡಿಗೇ, ಆದರೆ ಎಳೆಯಬಾರದು. ನಾನು "ಲೇ" ಅಂತ ಎಳೆದು ಹಾಳು ಮಾಡಿದೆ. ಪದದ ಕೊನೆಯಲ್ಲೂ ಅಷ್ಟೇ: "ಅವನು ಮಾತಾಡಿದ" ಅನ್ನುವ ಪರ್-ಲೊದಲ್ಲಿ "ಲೊ" ಮೇಲೆ ಗುದ್ದಬೇಕು, ಎಳೆಯಬಾರದು. ಒತ್ತನ್ನು ಹಿಂದಕ್ಕೆ ಸರಿಸಿದರೆ "ನಾನು ಮಾತಾಡುತ್ತೇನೆ" ಆಗಿಬಿಡುತ್ತದೆ. ಮಜಾ ಅಂದರೆ, "ಉಳಿಯುತ್ತಾರೆ" ಅನ್ನುವುದನ್ನು ಬರೆಯುವಾಗ ಅವರೂ ರೆ-ಸ್ತ-ನೊ ಅಂತಲೇ ಮುರಿಯುತ್ತಾರೆ, ಥೇಟ್ ನಮ್ಮ ಒತ್ತಕ್ಷರದ ಹಾಗೆ.

ಈಗ ನೆಚ್ಚಿಕೊಂಡಿರುವುದು ಮೂರನೆಯದು: "ನಾನು" ರೂಪ ಹಿಡಿ, ಉಳಿದವು ಹಿಂದೆ ಬರುತ್ತವೆ. ತೆ-ಲೇ-ಫೊ-ನೊ (ನಾನು ಫೋನ್ ಮಾಡುತ್ತೇನೆ) ಅಂತ ಬಾಯಿಗೆ ಬಂದರೆ ತೆ-ಲೇ-ಫೊ-ನ-ನೊ (ಅವರು ಮಾಡುತ್ತಾರೆ) ತಾನಾಗಿ ಬರುತ್ತದೆ. ನಾನು, ನೀನು, ಅವನು, ಅವರು, ಈ ನಾಲ್ಕಕ್ಕೂ ಒತ್ತು ಒಂದೇ ಜಾಗದಲ್ಲಿ. "ನಾವು", "ನೀವು" ಬಂದಾಗ ಮಾತ್ರ ಮುಂದಕ್ಕೆ ಜಾರಿ ಪ್ರತ್ಯಯದ ಮೇಲೆ ಕೂರುತ್ತದೆ: ತೆ-ಲೆ-ಫೊ-ನಾ-ತೆ. "ನಾನು" ರೂಪದ ಒತ್ತನ್ನು ಒಂದು ಸಲ ನಿಘಂಟಿನಲ್ಲಿ ನೋಡಿಕೊಳ್ಳಬೇಕು, ಅಷ್ಟೇ.

ಆದರೆ ಇದು ವರ್ತಮಾನ ಕಾಲದ ಮಟ್ಟಿಗೆ. "ಎರೆ" ಅಂತ ಮುಗಿಯುವ ಮೂಲರೂಪಗಳಿಗೆ ಈ ಉಪಾಯ ನಡೆಯುವುದಿಲ್ಲ. "ನೋಡುವುದು" ವೆ-ದೇ-ರೆ, ಒತ್ತು ನಡುವೆ. "ತೆಗೆದುಕೊಳ್ಳುವುದು" ಪ್ರೆನ್-ದೆ-ರೆ, ಒತ್ತು ಮೊದಲಿಗೆ. ನೋಡಲು ಎರಡೂ ಒಂದೇ ಥರ, ಅಲ್ವಾ? ಅಂಥವಕ್ಕೆ ಈಗಲೂ ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಳ್ಳುತ್ತೇನೆ.